ಕ್ಯಾಂಪಿನ ನಡುಹಗಲು

ಮೇ ತಿಂಗಳ ನಡುವೆ ಒಂದೆರಡು ದಿನ ಪುಣೆ ಕ್ಯಾಂಪಿನಲ್ಲಿ ನೆರಳು ಮಾಯವಾಗುತ್ತದೆ. ಎಂ.ಜಿ. ರಸ್ತೆಯ ದೀಪದ ಕಂಬ, ಎಂಪ್ರೆಸ್ ಗಾರ್ಡನ್ನಿನ ಬೇಲಿಗೂಟ, ಬಸ್ಸಿಗೆ ನಿಂತವರು, ಎಲ್ಲರ ನೆರಳೂ ಬುಡಕ್ಕೆ ಸರಿದು ಅಡಗುತ್ತದೆ. ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ. ಆಗ ಕೈಗಡಿಯಾರ ನೋಡಿಕೊಂಡರೆ 12 ಗಂಟೆ 31 ನಿಮಿಷ! ನವೆಂಬರ್ ಮೊದಲ ವಾರದಲ್ಲಿ ಇಲ್ಲಿಯ ನಡುಹಗಲು 12.18ಕ್ಕೆ, ಫೆಬ್ರುವರಿಯಲ್ಲಿ 12.49ರ ಸುಮಾರಿಗೆ. ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ನಡುಹಗಲಾಗುವ ದಿನ ವರ್ಷದಲ್ಲಿ ಒಂದೂ ಇಲ್ಲ.

ಈ ತಡದ ಮೂಲ ಹುಡುಕಿದರೆ ಲಂಡನ್ನಿನ ಗ್ರೀನಿಚ್ ಉದ್ಯಾನದ ಗುಡ್ಡ ಹತ್ತಬೇಕು. ಅರಮನೆಯವರು ಬೇಟೆಯಾಡುತ್ತಿದ್ದ ಆ ಜಾಗದಲ್ಲಿ ಎರಡನೇ ಚಾರ್ಲ್ಸ್ ದೊರೆ 1675ರಲ್ಲಿ ವೀಕ್ಷಣಾಲಯ ಕಟ್ಟಿಸಿದ. ನಡುಗಡಲಲ್ಲಿ ಹಡಗುಗಳಿಗೆ ತಾವೆಲ್ಲಿದ್ದೇವೆಂದು ತಿಳಿಯಲಿ ಎಂದು. ಮಾಡಿನ ಮೇಲೆ ಒಂದು ಕೆಂಪು ಚೆಂಡು. 12.55ಕ್ಕೆ ಕಂಬದ ಅರ್ಧಕ್ಕೆ ಏರುತ್ತದೆ, 12.58ಕ್ಕೆ ತುದಿ ಮುಟ್ಟುತ್ತದೆ, ಸರಿಯಾಗಿ ಒಂದಕ್ಕೆ ಕೆಳಗಿಳಿಯುತ್ತದೆ. ಥೇಮ್ಸ್ ನದಿಯ ನಾವಿಕರು ಅದನ್ನು ನೋಡಿ ಗಡಿಯಾರ ಹೊಂದಿಸಿಕೊಳ್ಳಲೆಂದು 1833ರಲ್ಲಿ ಮಾಡಿದ ಏರ್ಪಾಡು.

ನನಗೆ ಚೆಂಡಿಗಿಂತ ಹಿಡಿಸುವುದು ಒಳಕೋಣೆಯ ದೂರದರ್ಶಕ. ಖಗೋಳಜ್ಞ ಜಾರ್ಜ್ ಏರಿ 1850ರಲ್ಲಿ ನಿಲ್ಲಿಸಿದ ಈ ಉಪಕರಣ ಎಡಕ್ಕೂ ಹೊರಳದು, ಬಲಕ್ಕೂ ಹೊರಳದು. ಉತ್ತರ ದಕ್ಷಿಣವಾಗಿ ಮಾತ್ರ ಏರಿ ಇಳಿಯುತ್ತದೆ. ಕಣ್ಣಿಡುವ ಕಡೆ ಜೇಡರ ಬಲೆಯ ಎಳೆಗಳನ್ನು ಬಿಗಿದಿದ್ದರು. ನಕ್ಷತ್ರವೊಂದು ಜಾರುತ್ತ ಒಂದೊಂದೇ ಎಳೆ ದಾಟುವಾಗ ನೋಡುವವನು ಗುಂಡಿ ಒತ್ತುತ್ತಿದ್ದ; ಉರುಳುವ ಕಾಗದದ ಮೇಲೆ ಗುರುತು ಬೀಳುತ್ತಿತ್ತು. ಗಡಿಯಾರ ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ತೀರ್ಮಾನವಾಗುತ್ತಿದ್ದದ್ದು ಹೀಗೆ. ಸಾಮ್ರಾಜ್ಯದ ದೊಡ್ಡಸ್ತಿಕೆ ಏನೇ ಇರಲಿ, ರಾತ್ರಿಯೆಲ್ಲ ಚಳಿಯಲ್ಲಿ ಕೂತು ಈ ಕೆಲಸ ಮಾಡಿದವರಿಗೆ ನಾನು ಕೈಮುಗಿಯುತ್ತೇನೆ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ 25 ದೇಶಗಳ ಪ್ರತಿನಿಧಿಗಳು ಬಹುಮತದಿಂದ ಸೊನ್ನೆ ರೇಖಾಂಶವನ್ನು ಎಳೆದದ್ದು ಈ ದೂರದರ್ಶಕದ ಮೂಲಕವೇ.

ಆ ಕಾಲಕ್ಕೆ ಪುಣೆಯಲ್ಲೂ ವೀಕ್ಷಣಾಲಯವೊಂದು ಏಳುವುದರಲ್ಲಿತ್ತು. ಭಾವನಗರದ ಮಹಾರಾಜ ತಖ್ತಸಿಂಹಜಿಯವರ ದೇಣಿಗೆಯಿಂದ ವಿಜ್ಞಾನ ಕಾಲೇಜಿನಲ್ಲಿ ಅದು ನಿಂತಿತು. ಪಾರ್ಸಿ ಪ್ರೊಫೆಸರ್ ಕಾವಸ್‌ಜಿ ನಾಯಗಾಂವ್‌ವಾಲಾ ನಡೆಸಿದರು. ಆದರೆ ಅವರ ಒಲವು ವೇಳೆ ಅಳೆಯುವುದರಲ್ಲಲ್ಲ, ಸೂರ್ಯ, ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡುವುದರಲ್ಲಿ. 1912ರಲ್ಲಿ ಅದು ಮುಚ್ಚಿ, ದೂರದರ್ಶಕ ಕೊಡೈಕನಾಲ್ ಸೇರಿತು.

ಆ ದಿನಗಳಲ್ಲಿ ಪುಣೆಯ ರೈಲು ನಡೆಯುತ್ತಿದ್ದದ್ದು ಮದರಾಸು ವೀಕ್ಷಣಾಲಯದ ವೇಳೆಗೆ. ಅದು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ. ಮುಂಬಯಿಯದು 4 ಗಂಟೆ 51 ನಿಮಿಷ ಮುಂದೆ. ಪುಣೆಯ ಸೂರ್ಯನದು ಇವೆರಡರ ನಡುವೆ, 4 ಗಂಟೆ 55 ನಿಮಿಷ. ಬಿಸಿಲು ನೋಡಿ ಸ್ಟೇಷನ್ನಿಗೆ ಹೊರಟವನಿಗೆ ಗಾಡಿ ತಪ್ಪುವುದು ಖಂಡಿತ. 1906ರ ಜನವರಿ 1ರಿಂದ ದೇಶದ ಬಹುಭಾಗಕ್ಕೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿನ ಒಂದೇ ವೇಳೆ ಬಂತು. ಅದರ ರೇಖೆ ಹಾದುಹೋಗುವುದು ಮಿರ್ಜಾಪುರದ ಬಳಿ, 82.5 ಡಿಗ್ರಿಯಲ್ಲಿ. ಕ್ಯಾಂಪು ಅದಕ್ಕಿಂತ ಎಂಟೂವರೆ ಡಿಗ್ರಿಗೂ ತುಸು ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿಯ ಸೂರ್ಯ ಸರಾಸರಿ 34 ನಿಮಿಷ ಹಿಂದೆ. ಅದಕ್ಕೇ ಜನವರಿಯಲ್ಲಿ ಕೋಲ್ಕತ್ತದ ಮಕ್ಕಳು ಬಿಸಿಲಲ್ಲಿ ಶಾಲೆಗೆ ಹೊರಡುವ ಆರೂವರೆಗೆ, ಕ್ಯಾಂಪಿನ ಮಕ್ಕಳು ಇನ್ನೂ ಮಬ್ಬುಗತ್ತಲಲ್ಲೇ ಬಸ್ಸಿಗೆ ಕಾಯುತ್ತಾರೆ.