ಸರ್ವರ್ ಬಿದ್ದಾಗ ಮೊದಲು ಮಹಜರು

ಪುಣೆಗೆ ಬಂದು ಎಂಟು ವರ್ಷವಾಯಿತು. ರಾತ್ರಿ ಎರಡಕ್ಕೆ ಫೋನ್ ರಿಂಗಾದರೆ ಊರಿನದೋ ಆಫೀಸಿನದೋ ಎಂದು ಎದೆ ಧಸಕ್ಕೆನ್ನುವುದು ಹೊರಗೆ ದುಡಿಯುವ ನಮಗೆಲ್ಲ ಗೊತ್ತು. ಕಳೆದ ವರ್ಷ ಒಂದೇ ತಿಂಗಳಲ್ಲಿ ಮೂರು ಸಲ ಆಫೀಸಿನಿಂದಲೇ ಬಂತು. ಅದೇ ಸರ್ವರ್, ಅದೇ ಕಾಯಿಲೆ: ಕರ್ನಲ್ ಪ್ಯಾನಿಕ್.

ಮೊದಲ ಎರಡು ಸಲ ಎಲ್ಲರೂ ಮಾಡುವುದನ್ನೇ ಮಾಡಿದೆವು, ರೀಸೆಟ್ ಒತ್ತಿದೆವು. ಗ್ರಾಹಕರ ಕೆಲಸ ಮತ್ತೆ ಶುರುವಾಯಿತು. ಆದರೆ ಮೆಮೊರಿಯಲ್ಲಿದ್ದ ಸಾಕ್ಷಿಯೆಲ್ಲ ಅಳಿಸಿಹೋಯಿತು. ಕಾರಣ ಸಿಗದಿದ್ದರೆ ಬೆರಳು ಯಾರ ಕಡೆಗಾದರೂ ತಿರುಗಲೇಬೇಕಲ್ಲ? ಆ ಎರಡೂ ಸಂಜೆ ಹೊಸ ಕೋಡ್ ಹಾಕಿದ್ದವನು ಕಲಬುರಗಿಯ ಹುಡುಗ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ‘ಸರ್, ತಪ್ಪು ನಂದೇ ಅದ ಏನ್ರಿ?’ ಎಂದು ಕೇಳಿದ. ಸಾಮಾನ್ಯ ಅಪ್ಲಿಕೇಶನ್ ಕೋಡ್ ಕರ್ನಲ್ಲನ್ನು ಬೀಳಿಸಬಾರದು ಎಂದು ನನಗೆ ಗೊತ್ತಿತ್ತು. ಆದರೆ ಮೀಟಿಂಗಿನಲ್ಲಿ ಅದು ವಾದವಷ್ಟೇ, ಸಾಕ್ಷಿಯಲ್ಲ.

ಹೆದ್ದಾರಿಯಲ್ಲಿ ಲಾರಿ ಮಗುಚಿದರೆ ವಾಹನ ಬಿಡುವುದೂ ಮುಖ್ಯ, ಮಹಜರೂ ಮುಖ್ಯ. ಇಲ್ಲಿ ಅದಕ್ಕೆ ಪಂಚನಾಮಾ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಎರಡನ್ನೂ ನೋಡಿಕೊಳ್ಳುವ ವ್ಯವಸ್ಥೆಯೇ ಕೆಡಂಪ್.

ಯಂತ್ರ ಶುರುವಾಗುವಾಗಲೇ ಸ್ವಲ್ಪ ಮೆಮೊರಿಯನ್ನು, ಉದಾಹರಣೆಗೆ 256 ಎಂಬಿ, ತೆಗೆದಿಟ್ಟು ಅಲ್ಲಿ ಎರಡನೆಯ ಕರ್ನಲ್ಲೊಂದನ್ನು ಸಿದ್ಧವಾಗಿ ಕೂರಿಸಲಾಗುತ್ತದೆ. ಮೊದಲನೆಯದು ಬಿದ್ದ ಕೂಡಲೇ ಕೆಎಕ್ಸೆಕ್ ಎಂಬ ವಿಧಾನ ನೇರವಾಗಿ ಎರಡನೆಯದಕ್ಕೆ ಜಿಗಿಯುತ್ತದೆ. ನಡುವೆ ಬಯೋಸ್ ಇಲ್ಲ. ಹಾಗಾಗಿ ಸಮಯವೂ ಉಳಿಯುತ್ತದೆ, ಹಳೆಯ ಮೆಮೊರಿಯೂ ಇದ್ದಂತೆಯೇ ಇರುತ್ತದೆ. ಬಿದ್ದ ಕರ್ನಲ್ಲಿನ ಕೈಯಲ್ಲೇ ಡಿಸ್ಕಿಗೆ ಬರೆಸುವುದು ಅಪಾಯ. ಅದರ ಡ್ರೈವರುಗಳೇ ಕೆಟ್ಟಿರಬಹುದು. ಎರಡನೆಯದು ಬೇಡದ ಪುಟಗಳನ್ನು ಬಿಟ್ಟು ಉಳಿದದ್ದನ್ನು ಫೈಲಿಗೆ ಬರೆದು, ಆಮೇಲೆ ಯಂತ್ರವನ್ನು ಎಂದಿನಂತೆ ರೀಬೂಟ್ ಮಾಡುತ್ತದೆ.

ಇದು 2005ರಲ್ಲಿ ಲಿನಕ್ಸ್ 2.6.13ರ ಜೊತೆ ಬಂತು. ಕೆಎಕ್ಸೆಕ್ ಎರಿಕ್ ಬೀಡರ್‌ಮನ್ ಅವರದು. ಅದರ ಮೇಲೆ ಕೆಡಂಪ್ ಕಟ್ಟಿದವರಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರ್‌ಗಳೂ ಇದ್ದರು. ದಿನವೂ ಬಳಸುವ ನಮ್ಮಲ್ಲೇ ಎಷ್ಟೋ ಮಂದಿಗೆ ಇದು ತಿಳಿದಿಲ್ಲ.

ಎರಡನೆಯ ಸಲದ ನಂತರ ನಾವಿಬ್ಬರೂ ಕೂತು ಕೆಡಂಪ್ ಹಾಕಿದೆವು. ಮೂರನೆಯ ಸಲ ಸರ್ವರ್ ಏಳಲು ಐದಾರು ನಿಮಿಷ ಹೆಚ್ಚು ಹಿಡಿಯಿತು, ಮ್ಯಾನೇಜರ್ ಸಿಡುಕಿದರು. ಬೆಳಿಗ್ಗೆ ಕ್ರ್ಯಾಶ್ ಎಂಬ ಟೂಲಿನಲ್ಲಿ ಫೈಲ್ ತೆರೆದರೆ ದೋಷವಿದ್ದದ್ದು ನೆಟ್‌ವರ್ಕ್ ಕಾರ್ಡಿನ ಡ್ರೈವರಿನಲ್ಲಿ. ಹುಡುಗನ ಕೋಡಿಗೂ ಅದಕ್ಕೂ ಸಂಬಂಧವಿರಲಿಲ್ಲ. ಡ್ರೈವರ್ ಬದಲಿಸಿದೆವು, ಆಮೇಲೆ ಆ ಫೋನ್ ಬಂದಿಲ್ಲ.

ಕೆಡಂಪ್ ಹಾಕುವವರಿಗೆ ಎರಡು ಮಾತು. ಟೆಸ್ಟ್ ಯಂತ್ರವೊಂದನ್ನು ಬೇಕೆಂದೇ ಬೀಳಿಸಿ, ಫೈಲ್ ನಿಜಕ್ಕೂ ಉಳಿಯುತ್ತದೆಯೇ ನೋಡಿ. ಆ ಫೈಲಿನಲ್ಲಿ ಪಾಸ್‌ವರ್ಡ್, ಗ್ರಾಹಕರ ಮಾಹಿತಿ ಎಲ್ಲ ಇರಬಹುದು, ಕಂಡಕಂಡವರಿಗೆ ಕಳಿಸಬೇಡಿ.

ಹುಡುಗನ ಕೆಲಸ ಕಾಯಂ ಆಯಿತು. ಈಗ ಹೊಸ ಸರ್ವರ್ ಬಂದರೆ ಅವನ ಮೊದಲ ಪ್ರಶ್ನೆ, ‘ಸರ್, ಕೆಡಂಪ್ ಹಾಕೀರೇನ್ರಿ?’