ಚದರಡಿಗೆ ದಕ್ಕದ ಲೆಕ್ಕ: ಸಜ್ಜೆ ರಿಪೇರಿಯ ನ್ಯಾಯವಾದ ಬೆಲೆ

ಕಿಟಕಿಯ ಮೇಲೆ ಬಿಸಿಲು ಮಳೆಗೆ ಅಡ್ಡವಾಗಿ ಚಾಚಿಕೊಂಡಿರುವ ಕಾಂಕ್ರೀಟಿನ ತೆಳು ಹಾಸು, ಅಂದರೆ ಸಜ್ಜೆ, ಹಳೆಯ ಮನೆಗಳಲ್ಲಿ ಬಹುತೇಕ ಮೊದಲು ಕೈಕೊಡುವ ಭಾಗ. ಅದರ ತಳದ ಗಾರೆ ಉಬ್ಬಿ, ಬಿರಿದು, ಕೊನೆಗೆ ಚಕ್ಕೆಯಾಗಿ ಉದುರಿ, ತುಕ್ಕು ಹಿಡಿದ ಕಂಬಿ ಹೊರಗೆ ಕಾಣಿಸಿಕೊಳ್ಳುತ್ತದೆ. ಇದನ್ನು ಸರಿಪಡಿಸಲು ಮೂವರು ಮೇಸ್ತ್ರಿಗಳನ್ನು ಕೇಳಿದರೆ ಮೂರು ಬೆಲೆ ಬರುತ್ತವೆ. ಅವುಗಳ ನಡುವೆ ಎರಡು ಮೂರು ಪಟ್ಟು ಅಂತರವಿರುವುದೂ ಉಂಟು. ಇವುಗಳಲ್ಲಿ ನ್ಯಾಯವಾದದ್ದು ಯಾವುದೆಂದು ತಿಳಿಯಲು ಮನೆಯವರು ಸಾಮಾನ್ಯವಾಗಿ ಚದರಡಿಯ ದರಕ್ಕೆ ಮೊರೆಹೋಗುತ್ತಾರೆ. ಹೊಸ ಮನೆಗೆ ಸಲ್ಲುವ ಈ ಅಳತೆ ಸಣ್ಣ ರಿಪೇರಿಗೆ ಸಲ್ಲುವುದಿಲ್ಲ; ಅಲ್ಲಿ ಬೆಲೆಯನ್ನು ನಿರ್ಧರಿಸುವುದು ಕೆಲಸಕ್ಕೆ ತಗಲುವ ದಿನಗಳು ಮತ್ತು ಗಾರೆಯ ಅಡಿ ಮುಚ್ಚಿಹೋಗುವ ಕೆಲಸ.

ಬೆಲೆಗೆ ಮೊದಲು ರೋಗವನ್ನು ಅರಿಯಬೇಕು. ಹೊಸ ಕಾಂಕ್ರೀಟಿನ ಪಿಎಚ್ ಮೌಲ್ಯ 12.5ರಿಂದ 13ರಷ್ಟಿದ್ದು, ಆ ತೀವ್ರ ಕ್ಷಾರಗುಣವೇ ಕಂಬಿಯ ಮೇಲೊಂದು ತೆಳುವಾದ ರಕ್ಷಾಪದರವನ್ನು ಕಾಪಾಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಳ ಕಾಲ ಒಳಗಿಳಿದು ಈ ಕ್ಷಾರವನ್ನು ತಟಸ್ಥಗೊಳಿಸುವ ಕ್ರಿಯೆಗೆ ಕಾರ್ಬೊನೀಕರಣ ಎಂದು ಹೆಸರು. ಅದು ಕಂಬಿಯ ಮಟ್ಟವನ್ನು ಮುಟ್ಟಿದ ಮೇಲೆ ತೇವ ಸೇರಿದರೆ ತುಕ್ಕು ಶುರುವಾಗುತ್ತದೆ, ಮತ್ತು ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಹೊರಗಿನ ಕಾಂಕ್ರೀಟು ಸಿಡಿಯುತ್ತದೆ. ಕಂಬಿಯ ಹೊರಮೈಯಿಂದ ಕಾಂಕ್ರೀಟಿನ ಹೊರಮೈವರೆಗಿನ ದಪ್ಪವನ್ನು ಕವರ್ ಎನ್ನುತ್ತಾರೆ. ಐಎಸ್ 456:2000 ಎಂಬ ಭಾರತೀಯ ಮಾನಕ ಮಳೆಗಾಳಿಯಿಂದ ರಕ್ಷಿತವಾದ ಭಾಗಕ್ಕೂ 20 ಮಿಲಿಮೀಟರ್ ಕವರನ್ನು ನಿಗದಿಪಡಿಸಿದ್ದು, ಕರಾವಳಿಯ ವಾತಾವರಣಕ್ಕೆ ಒಡ್ಡಿಕೊಂಡ ಕಾಂಕ್ರೀಟಿಗೆ ಅದು 45 ಮಿಲಿಮೀಟರಿಗೆ ಏರುತ್ತದೆ. ಹಳೆಯ ಸಜ್ಜೆಗಳ ತಳದಲ್ಲಿ ಅನೇಕ ಕಡೆ ಇದರ ಅರ್ಧವೂ ಸಿಗದು, ಏಕೆಂದರೆ ಕಾಂಕ್ರೀಟು ಹಾಕುವಾಗ ಕಂಬಿಯ ಮೇಲೆ ಕಾಲಿಟ್ಟು ಓಡಾಡಿದವರು ಅದನ್ನು ಕೆಳಕ್ಕೆ ತುಳಿದಿರುತ್ತಾರೆ. ಗೋಡೆಯಿಂದ ಒಂದೇ ಬದಿಗೆ ಚಾಚಿದ ಸಜ್ಜೆಯಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಅದು ತಳದಲ್ಲಿ ಕಂಡುಬಂದರೆ ಗಾರೆಯ ತೇಪೆಯಿಂದ ಸಜ್ಜೆ ಗಟ್ಟಿಯಾಗದು, ಅಲ್ಲಿಗೆ ಬೆಲೆಯ ಚರ್ಚೆಯನ್ನು ನಿಲ್ಲಿಸಿ ಎಂಜಿನಿಯರನ್ನು ಕರೆಸುವುದೇ ಸರಿ. ತೊಲೆ, ಕಂಬಗಳ ಬಿರುಕಿಗೂ ಇದೇ ಮಾತು. ಗೋಡೆಯ ಗಾರೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಮಾತ್ರ ಇದ್ದರೆ, ಬಣ್ಣ ಬಳಿಯುವಾಗ ಪುಟ್ಟಿ ತುಂಬಿದರೆ ಸಾಕು.

ಸರಿಯಾದ ರಿಪೇರಿಯ ಕ್ರಮ ಹೀಗಿದೆ. ಮೊದಲು ಸುತ್ತಿಗೆಯಿಂದ ಸಜ್ಜೆಯ ತಳವನ್ನು ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬರುವಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಉದುರಿದ ಜಾಗ ಎರಡು ಚದರಡಿ ಇದ್ದರೂ ಟೊಳ್ಳಾದ ಜಾಗ ಆರೇಳು ಚದರಡಿ ಇರಬಹುದು. ಗುರುತಿನ ಅಂಚನ್ನು ನೇರವಾಗಿ ಕತ್ತರಿಸಿ, ಕಂಬಿಯ ಹಿಂದೆ ಬೆರಳು ತೂರುವಷ್ಟು ಆಳಕ್ಕೆ ಕಾಂಕ್ರೀಟನ್ನು ಒಡೆದು ತೆಗೆಯಬೇಕು. ಈರುಳ್ಳಿ ಸಿಪ್ಪೆಯಂತೆ ಪದರಪದರವಾಗಿ ಏಳುವ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಲೋಹದ ಹೊಳಪು ಕಂಡ ಮೇಲೆ ತುಕ್ಕುನಿರೋಧಕ ಪ್ರೈಮರ್ ಬಳಿದು, ಕಂಬಿ ತೀರ ಸವೆದಿದ್ದರೆ ಪಕ್ಕಕ್ಕೆ ಹೊಸ ಕಂಬಿ ಜೋಡಿಸಿ ಕಟ್ಟಬೇಕು. ಆಮೇಲೆ ಹಳೆಯ ಮೈಗೂ ಹೊಸ ಗಾರೆಗೂ ಅಂಟು ಕೂಡಿಸುವ ಲೇಪ, ಅದು ಒಣಗುವ ಮೊದಲೇ ಲ್ಯಾಟೆಕ್ಸ್ ಬೆರೆಸಿದ ಗಾರೆಯ ಒಂದೊಂದೇ ಪದರ. ಲ್ಯಾಟೆಕ್ಸ್ ಎಂದರೆ ಗಾರೆಯ ಅಂಟು ಮತ್ತು ನೀರುನಿರೋಧಕ ಗುಣ ಹೆಚ್ಚಿಸುವ ಬಿಳಿಯ ದ್ರವ ಪಾಲಿಮರ್. ಇಷ್ಟೂ ಹಂತಗಳಲ್ಲಿ ಮುಗಿದ ಕೆಲಸದ ಮೇಲೆ ಕಾಣುವುದು ಕೊನೆಯ ಪದರ ಮಾತ್ರ. ತುಕ್ಕಿನ ಮೇಲೇ ಸಿಮೆಂಟು ಮೆತ್ತಿದ ಸಜ್ಜೆಯೂ ಮೊದಲ ವರ್ಷ ಅಷ್ಟೇ ಚೆಂದ ಕಾಣುತ್ತದೆ.

ಇಂಥ ವ್ಯವಹಾರದ ಇಕ್ಕಟ್ಟನ್ನು ಅರ್ಥಶಾಸ್ತ್ರಜ್ಞರಾದ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ 1973ರಲ್ಲೇ ವಿಶ್ಲೇಷಿಸಿದ್ದಾರೆ. ಕೊಳ್ಳುವ ಮೊದಲೇ ಗುಣ ತಿಳಿಯುವ ಸರಕುಗಳು, ಬಳಸಿದ ಮೇಲೆ ತಿಳಿಯುವ ಸರಕುಗಳು ಎಂಬ ಹಿಂದಿನ ವಿಭಾಗಕ್ಕೆ ಅವರು ಮೂರನೆಯದೊಂದನ್ನು ಸೇರಿಸಿದರು: ಬಳಸಿದ ಮೇಲೂ ಗುಣವನ್ನು ಸುಲಭವಾಗಿ ಅಳೆಯಲಾಗದ, ನಂಬಿಕೆಯ ಮೇಲೆಯೇ ಕೊಳ್ಳಬೇಕಾದ ಸೇವೆಗಳು. ರೋಗ ಹೇಳುವವನೂ ಮದ್ದು ಮಾರುವವನೂ ಒಬ್ಬನೇ ಆದಾಗ ಬೇಡದ ಕೆಲಸವನ್ನು ಸೇರಿಸುವ ಆಮಿಷ ಸಹಜವಾಗಿ ಹುಟ್ಟುತ್ತದೆ ಎಂಬುದು ಈ ವಿಚಾರಸರಣಿಯ ತಿರುಳು. ಉಚಿತ ತಪಾಸಣೆಗೆ ಬಂದು ಸಜ್ಜೆಯ ಜೊತೆ ಇಡೀ ತಾರಸಿಗೂ ವಾಟರ್‌ಪ್ರೂಫಿಂಗ್ ಬೇಕೆನ್ನುವವರ ವಿಷಯದಲ್ಲಿ ಇದನ್ನು ನೆನೆಯಬಹುದು. ರಿಪೇರಿ ಕೆಲಸವನ್ನು ತಾವು ಮಾಡದ ಎಂಜಿನಿಯರೊಬ್ಬರಿಗೆ ಭೇಟಿಯ ಶುಲ್ಕ ಕೊಟ್ಟು ಅಭಿಪ್ರಾಯ ಪಡೆಯುವುದು ಅನೇಕ ವೇಳೆ ಉಚಿತ ತಪಾಸಣೆಗಿಂತ ಅಗ್ಗವಾಗುತ್ತದೆ.

ಇನ್ನು ಲೆಕ್ಕ. ಐದು ಅಡಿ ಉದ್ದ, ಒಂದೂವರೆ ಅಡಿ ಅಗಲದ ಸಜ್ಜೆಯ ತಳವನ್ನು ಸರಾಸರಿ 40 ಮಿಲಿಮೀಟರ್ ಆಳಕ್ಕೆ ತುಂಬಬೇಕಾದರೆ ಬೇಕಾಗುವ ಗಾರೆ ಸುಮಾರು 28 ಲೀಟರ್. ಒಂದಕ್ಕೆ ಮೂರರ ಮಿಶ್ರಣದಲ್ಲಿ ಅದಕ್ಕೆ 13–14 ಕಿಲೊ ಸಿಮೆಂಟು, ಅಂದರೆ 50 ಕಿಲೊ ಮೂಟೆಯ ಕಾಲುಭಾಗಕ್ಕಿಂತ ತುಸು ಹೆಚ್ಚು ಸಾಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಹೊಸ ಮನೆ ಕಟ್ಟುವವರಿಗೆ ದೊಡ್ಡ ಸಂಗತಿಯಾದರೂ ಸಜ್ಜೆಯ ರಿಪೇರಿಯಲ್ಲಿ ಅದರ ಉಳಿತಾಯ ಕೆಲಸದವರ ಕಾಫಿ ತಿಂಡಿಗೂ ಸಾಲದು. ಖರ್ಚೆಲ್ಲ ಕೂಲಿಯಲ್ಲಿದೆ. ಒಡೆದು ಉಜ್ಜಿ ಪ್ರೈಮರ್ ಬಳಿಯಲು ಒಂದು ದಿನ, ಗಾರೆಯ ಪದರಗಳಿಗೆ ಒಂದು ದಿನ, ಮುಗಿತಾಯಕ್ಕೂ ಸಾರ್ವೆ ಬಿಚ್ಚಲಿಕ್ಕೂ ಅರ್ಧ ದಿನ. ಆ ದಿನದ ಉಳಿದರ್ಧದಲ್ಲಿ ಬೇರೆ ಕೆಲಸ ಸಿಗುವುದಿಲ್ಲವಾದ್ದರಿಂದ ಮೂರು ದಿನವೆಂದೇ ಹಿಡಿಯಬೇಕು. ಗಾರೆ ಕೆಲಸದವರಿಗೆ ದಿನಕ್ಕೆ 1000, ಸಹಾಯಕರಿಗೆ 700 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡರೆ (ಓದುಗರು ತಮ್ಮ ಊರಿನ ದರವನ್ನು ಹಾಕಿಕೊಳ್ಳಬೇಕು) ಕೂಲಿ 5100; ಸಾಮಗ್ರಿ 1900, ಸಾರ್ವೆ ಮತ್ತು ಸಾಗಣೆ 1000; ಒಟ್ಟು 8000ಕ್ಕೆ ಶೇ 15ರ ಲಾಭ ಮತ್ತು ಮೇಲ್ವೆಚ್ಚ ಸೇರಿ 9200. ಏಳೂವರೆ ಚದರಡಿಗೆ ಹಂಚಿದರೆ ಚದರಡಿಗೆ 1200 ದಾಟುತ್ತದೆ. ಅದೇ ಮನೆಯ ನಾಲ್ಕು ಸಜ್ಜೆಗಳನ್ನು ಒಟ್ಟಿಗೆ ಕೊಟ್ಟರೆ, ಒಂದರ ಪ್ರೈಮರ್ ಒಣಗುವಾಗ ಇನ್ನೊಂದನ್ನು ಒಡೆಯಬಹುದಾದ್ದರಿಂದ ಆರು ದಿನ ಸಾಕಾಗಿ, ಸಾಮಗ್ರಿ 4000, ಸಾರ್ವೆ 1800 ಹಿಡಿದರೂ ಮೊತ್ತ 18,400 ಆಗಿ, ಚದರಡಿಯ ದರ ಅರ್ಧಕ್ಕೆ ಇಳಿಯುತ್ತದೆ. ಎರಡೂ ಬೆಲೆಗಳು ನ್ಯಾಯವಾದವೇ.

ಸಣ್ಣ ತೇಪೆಯ ಈ ವಿಶೇಷವನ್ನು ಸರ್ಕಾರಿ ದರಪಟ್ಟಿಗಳೂ ಒಪ್ಪಿವೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕಟ್ಟಡ ದುರಸ್ತಿಗೆಂದೇ ಬೇರೆ ಅಧ್ಯಾಯವಿದ್ದು, 2.5 ಚದರ ಮೀಟರ್ ಮತ್ತು ಅದಕ್ಕಿಂತ ಸಣ್ಣ ಗಾರೆ ತೇಪೆಗಳನ್ನು ಪ್ರತ್ಯೇಕ ಬಾಬತ್ತಾಗಿ ಇಟ್ಟು, ತೇಪೆಯ ಜಾಗವನ್ನು ಸರಿಯಾದ ಆಕಾರಕ್ಕೆ ಕತ್ತರಿಸುವುದನ್ನೂ ಒಡೆದ ಕಸವನ್ನು ಸಾಗಿಸುವುದನ್ನೂ ಅದೇ ದರದೊಳಗೆ ಸೇರಿಸಲಾಗಿದೆ. ಗುತ್ತಿಗೆದಾರನ ಲಾಭಕ್ಕೂ ಮೇಲ್ವೆಚ್ಚಕ್ಕೂ ಸೇರಿ ಶೇ 15 ಎಂಬ ಪ್ರಮಾಣವೂ ಆ ಇಲಾಖೆಯ ದರ ವಿಶ್ಲೇಷಣೆಯದೇ. ಅದು ದೊಡ್ಡ ಕಾಮಗಾರಿಗೆ ಹೊಂದುವ ಪ್ರಮಾಣ. ನಾಲ್ಕು ಮನೆ ನೋಡಿ ಬೆಲೆ ಹೇಳಿ ಒಂದು ಕೆಲಸ ಪಡೆಯುವ ಮೇಸ್ತ್ರಿ ಶೇ 25 ಕೇಳಿದರೆ ಅದನ್ನು ದುರಾಸೆ ಎನ್ನಲಾಗದು. ಅಸಲಿಗೆ ಅನುಮಾನ ಹುಟ್ಟಬೇಕಾದದ್ದು ಮೂರು ದಿನದ ಕೂಲಿಗಿಂತಲೂ ಕೆಳಗಿನ ಬೆಲೆಯ ಮೇಲೆ: ಕಡಿತವಾಗಿರುವುದು ಲಾಭವಲ್ಲ, ದಿನಗಳು, ಅಂದರೆ ಒಡೆಯುವ ಮತ್ತು ಉಜ್ಜುವ ಕೆಲಸ.

ಬೆಲೆಗಳನ್ನು ಹೋಲಿಸುವ ಮೊದಲು ಮೂವರೂ ಒಂದೇ ಕೆಲಸಕ್ಕೆ ಬೆಲೆ ಹೇಳಿದ್ದಾರೆಯೇ ಎಂಬುದನ್ನು ನೋಡಬೇಕು. ಕಂಬಿಯ ಹಿಂದಿನವರೆಗೆ ಒಡೆಯುತ್ತಾರೆಯೇ, ಪ್ರೈಮರ್ ಮತ್ತು ಲ್ಯಾಟೆಕ್ಸ್ ಯಾವುದು, ಸಾರ್ವೆ ಯಾರದ್ದು, ಕಸ ಯಾರು ಸಾಗಿಸಬೇಕು, ಎಷ್ಟು ದಿನ ಎಂಬುದನ್ನು ಒಂದು ಹಾಳೆಯ ಮೇಲೆ ಬರೆಸಿಕೊಂಡರೆ ಅಂತರದ ಬಹುಭಾಗ ಅಲ್ಲೇ ವಿವರಗೊಳ್ಳುತ್ತದೆ. ಅತಿ ಹೆಚ್ಚು ಜಗಳಕ್ಕೆ ಎಡೆಯಾಗುವುದು ಒಡೆದ ಮೇಲೆ ಹೆಚ್ಚಾಗಿ ಕಾಣುವ ಹಾಳು. ಅದನ್ನೂ ಸೇರಿಸಿ ಒಂದೇ ಮೊತ್ತಕ್ಕೆ ಒಪ್ಪಿಸಿದರೆ ಮೇಸ್ತ್ರಿ ಟೊಳ್ಳನ್ನು ಕಂಡೂ ಕಾಣದಂತೆ ಮುಚ್ಚುತ್ತಾನೆ, ದಿನಗೂಲಿಗೆ ಬಿಟ್ಟರೆ ಕೆಲಸ ಎಳೆಯುತ್ತದೆ. ಗುರುತು ಹಾಕಿದ ಜಾಗಕ್ಕೆ ಒಂದು ಮೊತ್ತ, ಅದಕ್ಕಿಂತ ಹೆಚ್ಚಾದರೆ ಚದರಡಿಗೆ ಇಷ್ಟೆಂದು ಮೊದಲೇ ಗೊತ್ತುಮಾಡುವುದು ಇಬ್ಬರಿಗೂ ಒಳಿತು. ಚದರಡಿಯ ದರಕ್ಕೆ ಸರಿಯಾದ ಜಾಗ ಇದೊಂದೇ. ಮಂಗಳೂರು, ಕಾರವಾರದಂಥ ಕಡಲತೀರದ ಊರುಗಳಲ್ಲಿ ಈ ಹೆಚ್ಚುವರಿ ಬಹುತೇಕ ಖಚಿತ, ಏಕೆಂದರೆ ಅಲ್ಲಿ ಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್ ಕ್ಷಾರ ಉಳಿದಿರುವ ಕಾಂಕ್ರೀಟಿನೊಳಗೂ ಕಂಬಿಯನ್ನು ತಿನ್ನುತ್ತದೆ, ಮತ್ತು ಉಪ್ಪು ಸೇರಿದ ಭಾಗವನ್ನು ಪೂರ್ತಿ ತೆಗೆಯದಿದ್ದರೆ ತೇಪೆಯ ಅಂಚಿನಲ್ಲೇ ಹೊಸ ತುಕ್ಕು ಏಳುತ್ತದೆ.

ಹಣ ಕೊಡುವ ಹಂತಗಳೂ ಬೆಲೆಯ ಭಾಗವೇ. ಸಾಮಗ್ರಿಗೆ ಬೇಕಾದಷ್ಟು ಮುಂಗಡ, ಕಂಬಿ ತೆರೆದು ಉಜ್ಜಿ ಪ್ರೈಮರ್ ಬಳಿದದ್ದನ್ನು ಏಣಿ ಹತ್ತಿ ನೋಡಿ ಫೋಟೊ ತೆಗೆದ ಮೇಲೆ ಎರಡನೆಯ ಕಂತು, ಮುಗಿದ ಮೇಲೆ ಉಳಿದದ್ದು ಎಂದಾದರೆ ಮುಚ್ಚಿಹೋಗುವ ಕೆಲಸಕ್ಕೂ ಒಬ್ಬ ಸಾಕ್ಷಿ ಇದ್ದಂತಾಗುತ್ತದೆ. ನೀರುಣಿಸುವ ಕೆಲಸ, ಅಂದರೆ ಕ್ಯೂರಿಂಗ್, ಸಾಮಾನ್ಯವಾಗಿ ಬೆಲೆಯಲ್ಲಿ ಸೇರಿರುವುದಿಲ್ಲ. ಅದೇ ಐಎಸ್ 456 ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ ಕಾಂಕ್ರೀಟು ತೇವವಾಗಿರಬೇಕು, ಲ್ಯಾಟೆಕ್ಸ್ ಗಾರೆಗೆ ಡಬ್ಬಿಯ ಮೇಲಿನ ಸೂಚನೆ ಬೇರೆಯೇ ಇರಬಹುದು. ಸಜ್ಜೆಯ ತಳದಲ್ಲಿ ನೀರು ನಿಲ್ಲದಿರುವುದರಿಂದ ಸಿಂಪಡಿಸುವ ಹೊಣೆ ಮನೆಯವರದೆಂದು ಮೊದಲೇ ಒಪ್ಪಿಕೊಳ್ಳುವುದು ಲೇಸು. ಹತ್ತು ವರ್ಷದ ಗ್ಯಾರಂಟಿ ಎಂಬ ಬಾಯಿಮಾತಿಗೆ ಬೆಲೆ ಕಟ್ಟುವ ಬದಲು ಮೊತ್ತದ ಶೇ 10ನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳಲು ಮೇಸ್ತ್ರಿ ಒಪ್ಪುತ್ತಾನೆಯೇ ಎಂದು ಕೇಳಬಹುದು. ಅದೇ ಬೀದಿಯಲ್ಲಿ ಇನ್ನೂ ಕೆಲಸವಿರುವವನು ಸಾಮಾನ್ಯವಾಗಿ ಒಪ್ಪುತ್ತಾನೆ.