ಕೆರೆಯ ಮೀನಿಗೆ ತೋಟದ ಆಸರೆ

ನಮ್ಮ ಸದಸ್ಯರಲ್ಲಿ ಅನೇಕರು ತೋಟದ ಕೆರೆಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡುತ್ತಾರೆ. ಮರೆಯಿಲ್ಲದ ಕೆರೆಯಲ್ಲಿ ಈ ಮರಿಗಳು ನೀರುಕಾಗೆ, ಮಿಂಚುಳ್ಳಿಗಳಿಗೆ ಬೇಗ ತುತ್ತಾಗುತ್ತವೆ. ನೀರಿನೊಳಗೆ ಆಸರೆಯೊಂದನ್ನು ಕಟ್ಟಿ ಮುಳುಗಿಸುವುದು ಇದಕ್ಕೆ ಸುಲಭ ಉಪಾಯ.

ಕಾರವಾರ, ಅಂಕೋಲೆಯ ಕಡಲ ಮಕ್ಕಳಿಗೆ ಈ ವಿಷಯ ಹೊಸದಲ್ಲ. ನಮ್ಮ ಕರಾವಳಿಯಲ್ಲಿ ಕಪ್ಪೆ ಬೊಂಡಾಸ್ ಹಿಡಿಯುವ ಕೆಲವರು, ಕಾಯಿ ಕಿತ್ತ ತೆಂಗಿನ ಗೊನೆಗಳನ್ನು ಕಟ್ಟಿ, ಮರಳಿನ ಚೀಲದ ಭಾರದಿಂದ ಸಮುದ್ರದ ತಳಕ್ಕೆ ಇಳಿಸುತ್ತಾರೆ. ಮೊಟ್ಟೆಯಿಡಲು ಅಲ್ಲಿಗೆ ಬಂದ ಬೊಂಡಾಸ್ ಗಾಳಕ್ಕೆ ಸಿಗುತ್ತದೆ. ಮೊಟ್ಟೆಯಿಡುವ ಮೊದಲೇ ತಾಯಿಯನ್ನು ಹಿಡಿದರೆ ಸಂತತಿ ಉಳಿಯುವುದೆಂತು? ಈ ಪದ್ಧತಿಯ ಬಗ್ಗೆ ಮೀನುಗಾರರಲ್ಲೇ ಜಗಳಗಳಾಗಿವೆ. ಕಾರವಾರದಲ್ಲೂ ಕೇಂದ್ರವಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ಕಾಂಕ್ರೀಟಿನ ಕೃತಕ ಬಂಡೆಸಾಲುಗಳ ತತ್ವವೂ ಆಸರೆಯೇ. ಆದರೆ ಉದ್ದೇಶ ಮೀನು ನೆಲೆಸಿ ಬೆಳೆಯುವುದು. ಆಸರೆ ಮೊದಲು ಮೀನನ್ನು ಕೂಡಿಸುತ್ತದೆ. ಅದು ಮನೆಯಾಗುವುದೋ ಬಲೆಯಾಗುವುದೋ ನಮ್ಮ ಕೈಯಲ್ಲಿದೆ.

ಕಟ್ಟುವ ಕ್ರಮ ಹೀಗಿದೆ. ಒಣಗಿದ ಬಿದಿರು ಅಥವಾ ಅಡಿಕೆ ದಬ್ಬೆಗಳನ್ನು ನಾಲ್ಕಡಿ ಉದ್ದಕ್ಕೆ ಕಡಿದು, ಚೌಕದ ಮೇಲೆ ಚೌಕವಿಟ್ಟು ಗೂಡಿನಂತೆ ಬಿಗಿಯಬೇಕು. ಮರಿಗಳು ನುಸುಳುವಷ್ಟು ಸಂದು ಇರಲಿ. ಒಣ ಬಿದಿರು ತೇಲುವುದರಿಂದ ತಳಕ್ಕೆ ಚಿರೆಕಲ್ಲು ಕಟ್ಟಬೇಕು. ಬೇಸಿಗೆಯಲ್ಲೂ ನೀರು ನಿಲ್ಲುವ ಒಂದು ಮೂಲೆಯಲ್ಲಿ ಇಳಿಸಿದರೆ ಬಲೆ ಎಳೆಯಲು ಉಳಿದ ಜಾಗ ತೆರವಾಗಿರುತ್ತದೆ. ಈ ಕೆಲಸಕ್ಕೆ ಒಬ್ಬರೇ ಕೆರೆಗೆ ಇಳಿಯಬಾರದು. ಕೆಲವು ವಾರಗಳಲ್ಲಿ ಬಿದಿರಿನ ಮೇಲೆ ಪಾಚಿಯ ಲೋಳೆ ಬೆಳೆಯುತ್ತದೆ. ರೋಹುವಿಗೆ ಅದು ಆಹಾರವೂ ಆಗುತ್ತದೆ.

ಎರಡು ಎಚ್ಚರಿಕೆಗಳು ಮುಖ್ಯ. ಮೊದಲನೆಯದು, ತೋಟದಲ್ಲಿ ಧಾರಾಳವಾಗಿ ಸಿಗುತ್ತದೆಂದು ಹಸಿ ಸೋಗೆಯನ್ನು ಮುಳುಗಿಸಬಾರದು. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಕೊಳೆತದ್ದನ್ನು ಕೂಡಲೇ ತೆಗೆದು ಹೊಸ ನೀರು ಹಾಯಿಸಬೇಕು.

ಎರಡನೆಯದು, ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸುವ ಈ ಔಷಧದ ತಾಮ್ರ ಅಡಿಕೆಯನ್ನು ಕಾಯುತ್ತದೆ, ಮೀನಿಗೆ ಮಾತ್ರ ವಿಷ. ಔಷಧ ಬಿದ್ದ ಸೋಗೆ, ದಬ್ಬೆಗಳನ್ನು ಕೆರೆಗೆ ಹಾಕಬಾರದು. ಡ್ರಮ್ಮು, ಪಂಪುಗಳನ್ನೂ ಅಲ್ಲಿ ತೊಳೆಯಬಾರದು.

ಮರಿಗಳು ಬೆಳೆಯುವವರೆಗೆ ಆಸರೆಯ ಬಳಿ ಬಲೆ ಬೀಸದಿರುವುದೇ ಕೊನೆಯ ನಿಯಮ. ಸಸಿ ನೆಟ್ಟು ಗೊನೆಗೆ ವರ್ಷಗಟ್ಟಲೆ ಕಾಯುವ ನಮಗೆ ಒಂದು ವರ್ಷದ ತಾಳ್ಮೆ ಕಷ್ಟವಲ್ಲ.